ಕಾರ್ಡಿಗೂ ಸೆಕೆಯಾಗುತ್ತದೆ



ಕಳೆದ ಯುಗಾದಿಯಂದು ಕೊಚ್ಚಿಯಲ್ಲಿ ನಮ್ಮ ಕನ್ನಡ ಕುಟುಂಬಗಳೆಲ್ಲ ಒಟ್ಟು ಸೇರಿದ್ದವು. ಬೇವು-ಬೆಲ್ಲ ಹಂಚಿಯಾಯಿತು, ಮಕ್ಕಳ ಹಾಡು ಮುಗಿಯಿತು, ಎಲೆ ಹಾಕಿದರು. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವಳು ಎಂಜಿನಿಯರಿಂಗ್ ಓದುವ ಹುಡುಗಿ. ಕೋಸಂಬರಿ ಬಡಿಸುವಷ್ಟರಲ್ಲಿ ಅವಳ ಪ್ರಶ್ನೆ ಬಂತು.

"ಅಂಕಲ್, ನನ್ನ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಭಯಂಕರ ಚೂಡಾಗ್ತದೆ. ಎಂಟು ಸಣ್ಣ ಹೀಟ್‌ಸಿಂಕ್ ತಂದಿಟ್ಟಿದ್ದೇನೆ. ಪಶ ಹಾಕಿ ಅಂಟಿಸಿಬಿಡಲಾ?"

ಚೂಡು, ಪಶ ಎರಡೂ ಮಲಯಾಳದವು. ಕನ್ನಡದಲ್ಲಿ ಬಿಸಿ, ಅಂಟು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಕನ್ನಡದಲ್ಲಿ ಇಂಥ ಮಾತು ಬೆರೆಯುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರೇನಿದ್ದರೂ "ಅಂಟಿಸಿಬಿಡಲಾ" ಎಂಬ ಮಾತಿನ ಕೊನೆಯ "ಬಿಡಲಾ" ಎಂಬುದರ ಮೇಲೆ. "ತಡಿ ಮಗಾ, ಅಂಟಿಸಬೇಡ" ಎಂದೆ. ಏಕೆಂದು ಹೇಳಲು ಆರಂಭಿಸಿದ್ದೆ, ಅಷ್ಟರಲ್ಲಿ ಪಾಯಸ ಬಂತು. ಅರ್ಧಕ್ಕೇ ನಿಂತ ಆ ಉತ್ತರದ ಉಳಿದ ಭಾಗ ಇಲ್ಲಿದೆ. ಅವಳೊಬ್ಬಳಿಗೇ ಅಲ್ಲ, ಮನೆಯಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಉತ್ಸಾಹವಿರುವ ನಿಮ್ಮೆಲ್ಲರಿಗೂ.

ಸೆಕೆ ನಮಗೆ, ಬಿಸಿ ಕಾರ್ಡಿಗೆ

ತಲೆಬರಹದಲ್ಲಿ "ಸೆಕೆ" ಎಂದು ಬರೆದೆನಲ್ಲ, ನಿಜ ಹೇಳಬೇಕೆಂದರೆ ಆ ಮಾತು ಪೂರ್ತಿ ಸರಿಯಲ್ಲ. ಬಿಸಿಲಿನ ನೇರ ಹೊಡೆತ ಝಳ. ಒಣ ಊರಿನ ಉರಿ ಧಗೆ. ಒಲೆಯಿಂದ ಹಿತವಾಗಿ ಬರುವುದು ಕಾವು. ಗಾಳಿಯಲ್ಲಿ ನೀರಿನಂಶ ತುಂಬಿ, ಮೈಯ ಬೆವರು ಆರದೆ, ಅಂಗಿ ಬೆನ್ನಿಗೆ ಅಂಟಿಕೊಂಡಾಗ ಆಗುವುದೇ ಸೆಕೆ. ಏಪ್ರಿಲ್ ತಿಂಗಳ ಎರ್ನಾಕುಳಂನಲ್ಲಿ ಬಸ್ಸಿಗೆ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಕಾರ್ಡಿಗೆ ಬೆವರಿಲ್ಲ. ಆದ್ದರಿಂದ ಗಾಳಿಯ ತೇವ ಎಷ್ಟಿದ್ದರೂ ಅದರ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಅದಕ್ಕೆ ಲೆಕ್ಕ ಒಂದೇ: ಸುತ್ತಲಿನ ಗಾಳಿ ಎಷ್ಟು ಡಿಗ್ರಿ ಇದೆ ಎಂಬುದು. ಬೆಂಗಳೂರಿನ ಕೋಣೆಯಲ್ಲಿ 27 ಡಿಗ್ರಿ, ಕೊಚ್ಚಿಯ ಕೋಣೆಯಲ್ಲಿ 32 ಡಿಗ್ರಿ ಇದ್ದರೆ, ಅದೇ ಕಾರ್ಡು ಅದೇ ಕೆಲಸ ಮಾಡುವಾಗ ಕೊಚ್ಚಿಯಲ್ಲಿ ಸುಮಾರು 5 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಗಾಳಿಯಿಂದ ತಣ್ಣಗಾಗುವ ಯಾವ ವಸ್ತುವೂ ಆ ಗಾಳಿಗಿಂತ ತಣ್ಣಗಾಗಲಾರದು. ಹೀಟ್‌ಸಿಂಕ್ ಹಾಕಿದರೂ ಅಷ್ಟೇ, ಫ್ಯಾನ್ ಹಾಕಿದರೂ ಅಷ್ಟೇ. ಬೆಂಗಳೂರಿನ ಸೋದರತ್ತೆಯ ಮಗ "ನನ್ನ ಕಾರ್ಡಿನಲ್ಲಿ ಇಷ್ಟೇ ಡಿಗ್ರಿ" ಎಂದು ಬೀಗಿದರೆ ನೀವು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ.

ಕಾರ್ಡಿನೊಳಗೆ ಏನಿದೆ?

ಗ್ರಾಫಿಕ್ಸ್ ಕಾರ್ಡಿನ ನಡುವೆ ಒಂದು ದೊಡ್ಡ ಚಿಪ್ ಇರುತ್ತದೆ. ಚಿತ್ರದ ಲೆಕ್ಕಾಚಾರವೆಲ್ಲ ಅದರದು. ಅದರ ಸುತ್ತ, ಯಜಮಾನನ ಸುತ್ತ ಕುಳಿತ ಗುಮಾಸ್ತರಂತೆ, ನಾಲ್ಕು, ಆರು, ಎಂಟು ಅಥವಾ ಹನ್ನೆರಡು ಕಪ್ಪು ಚಿಪ್ಪುಗಳಿರುತ್ತವೆ. ಅವೇ ಮೆಮೊರಿ ಚಿಪ್ಪುಗಳು. ಹಳೆಯ ಕಾರ್ಡುಗಳಲ್ಲಿ ಇವಕ್ಕೆ ಎರಡೂ ಬದಿಯಲ್ಲಿ ಜೀರುಂಡೆಯ ಕಾಲಿನಂಥ ತಂತಿಗಳಿದ್ದವು. ಈಗಿನವಕ್ಕೆ ಕಾಲುಗಳು ಕಾಣುವುದಿಲ್ಲ. ಚಿಪ್ಪಿನ ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳಿದ್ದು, ಅವುಗಳ ಮೇಲೆ ಚಿಪ್ಪು ಕುಳಿತಿರುತ್ತದೆ. ಜಿಡಿಡಿಆರ್5 ಎಂಬ ಬಗೆಯ ಚಿಪ್ಪಿನಲ್ಲಿ ಇಂಥ 170 ಗುಂಡುಗಳು, ಜಿಡಿಡಿಆರ್6ರಲ್ಲಿ 180. ಚಿಪ್ಪಿನ ಅಳತೆ ಮಾತ್ರ 12 ಮಿ.ಮೀ. ಅಗಲ, 14 ಮಿ.ಮೀ. ಉದ್ದ, ಹೆಬ್ಬೆರಳಿನ ಉಗುರಿನಷ್ಟು. ಈ ಗುಂಡುಗಳ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದೊಂದು ಮೆಮೊರಿ ಚಿಪ್ಪು ಜೋರಾಗಿ ಕೆಲಸ ಮಾಡುವಾಗ ಒಂದೆರಡು ವ್ಯಾಟ್ ವಿದ್ಯುತ್ತನ್ನು ಶಾಖವಾಗಿ ಹೊರಬಿಡುತ್ತದೆ. ಎರಡು ವ್ಯಾಟ್ ಎಂದರೆ ದೇವರಮನೆಯ ಪುಟ್ಟ ಎಲ್ಇಡಿ ದೀಪದಷ್ಟು. ಕೇಳಲು ಅಲ್ಪ. ಆದರೆ ಉಗುರಿನಷ್ಟು ಜಾಗದಿಂದ ಅದು ಹೊರಗೆ ಹೋಗಬೇಕಲ್ಲ, ಅಲ್ಲಿಯೇ ಇರುವುದು ಕಷ್ಟ.

ಕಾಫಿಯ ಬಟ್ಟಲೇ ಹೀಟ್‌ಸಿಂಕ್

ಅಜ್ಜಿ ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿಯುವುದನ್ನು ನೋಡಿದ್ದೀರಲ್ಲ? ಚಿತ್ರಾನ್ನಕ್ಕೆ ಅನ್ನವನ್ನು ಅಗಲದ ತಟ್ಟೆಯಲ್ಲಿ ಹರಡಿ ಆರಿಸುವುದನ್ನು? ಕಾಫಿಯೂ ಅಷ್ಟೇ ಇದೆ, ಅನ್ನವೂ ಅಷ್ಟೇ ಇದೆ; ಗಾಳಿಗೆ ತಗಲುವ ಮೈ ಮಾತ್ರ ಹೆಚ್ಚಾಯಿತು. ಹೀಟ್‌ಸಿಂಕ್ ಮಾಡುವುದೂ ಇದನ್ನೇ. ಅದು ಶಾಖವನ್ನು ನುಂಗುವುದಿಲ್ಲ. ಚಿಪ್ಪಿನಿಂದ ತೆಗೆದುಕೊಂಡು, ಅಗಲವಾಗಿ ಹರಡಿ, ಗಾಳಿಯ ಕೈಗೆ ಕೊಡುತ್ತದೆ.

ಎಷ್ಟು ಹರಡುತ್ತದೆ, ಲೆಕ್ಕ ಹಾಕೋಣ. ಬರಿಯ ಚಿಪ್ಪಿನ ಮೇಲ್ಮೈ 12 × 14, ಅಂದರೆ 168 ಚದರ ಮಿ.ಮೀ. ಅದರ ಮೇಲೆ 14 ಮಿ.ಮೀ. ಚೌಕದ ಒಂದು ಹೀಟ್‌ಸಿಂಕ್ ಇಡಿ. ಅದಕ್ಕೆ 8 ಮಿ.ಮೀ. ಎತ್ತರದ, 1 ಮಿ.ಮೀ. ದಪ್ಪದ ಐದು ರೆಕ್ಕೆಗಳಿವೆ ಎಂದುಕೊಳ್ಳಿ. ಒಂದು ರೆಕ್ಕೆಯ ಎರಡು ಮುಖ ಮತ್ತು ಎರಡು ತುದಿ ಸೇರಿದರೆ 240 ಚದರ ಮಿ.ಮೀ. ಐದಕ್ಕೆ 1200. ತಳದ ಪಾಲು ಸುಮಾರು 200. ಒಟ್ಟು 1400, ಎಂದರೆ ಚಿಪ್ಪಿನ ಎಂಟು ಪಟ್ಟು. ಉಗುರಿನಷ್ಟು ಜಾಗದಲ್ಲಿ ಅಂಗೈಯ ಒಂದು ಭಾಗವನ್ನು ಮಡಚಿಟ್ಟಂತಾಯಿತು.

ಆದರೆ ಬಟ್ಟಲಿಗೆ ಸುರಿದ ಕಾಫಿಯೂ ಗಾಳಿಯಾಡದ ಕೋಣೆಯಲ್ಲಿ ನಿಧಾನವಾಗಿಯೇ ಆರುತ್ತದೆ. ನಿಂತ ಗಾಳಿಗಿಂತ ಫ್ಯಾನಿನ ಗಾಳಿ ಮೂರು-ನಾಲ್ಕು ಪಟ್ಟು ಹೆಚ್ಚು ಶಾಖವನ್ನು ಹೊತ್ತೊಯ್ಯಬಲ್ಲದು. ಮುಚ್ಚಿದ ಕ್ಯಾಬಿನೆಟ್ಟಿನ ಮೂಲೆಯಲ್ಲಿ, ಗಾಳಿ ಸುಳಿಯದ ಕಡೆ ಹೀಟ್‌ಸಿಂಕ್ ಅಂಟಿಸಿದರೆ ಅದು ಬರೀ ಒಡವೆ.

ತುಂಬಾದಿಂದ ಒಂದು ಪಾಠ

ಈ ಮಾತನ್ನು ಮನದಟ್ಟು ಮಾಡಿಕೊಳ್ಳಲು ತಿರುವನಂತಪುರದ ಮಕ್ಕಳು ದೂರ ಹೋಗಬೇಕಾಗಿಲ್ಲ. ಪಕ್ಕದ ತುಂಬಾ ಎಂಬ ಮೀನುಗಾರರ ಊರಿನಿಂದಲೇ 1963ರ ನವೆಂಬರ್ 21ರಂದು ನಮ್ಮ ದೇಶದ ಮೊದಲ ಸಂಶೋಧನಾ ರಾಕೆಟ್ ಹಾರಿತು. ಅಲ್ಲಿನ ಹಳೆಯ ಇಗರ್ಜಿಯೇ ಆಗ ಕಚೇರಿ. ಇಂದು ಅದು ವಸ್ತುಸಂಗ್ರಹಾಲಯ. ಆ ಕೇಂದ್ರದ ಕೆಲಸಕ್ಕಾಗಿ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಮನೆಗಳ ಮಕ್ಕಳು ನಿಮ್ಮಲ್ಲಿಯೂ ಇದ್ದೀರಿ.

ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಅದರೊಳಗೂ ಚಿಪ್ಪುಗಳಿದ್ದವು, ಅವೂ ಬಿಸಿಯಾಗುತ್ತಿದ್ದವು. ಆದರೆ ಅಂತರಿಕ್ಷದಲ್ಲಿ ಗಾಳಿ ಎಲ್ಲಿದೆ? ಅಲ್ಲಿ ನಮ್ಮ ರೆಕ್ಕೆಯ ಹೀಟ್‌ಸಿಂಕ್ ಗಾಳಿಗೆ ಏನನ್ನೂ ಕೊಡಲಾರದು. ಉಪಗ್ರಹದಲ್ಲಿ ಶಾಖವನ್ನು ಲೋಹದ ಮೂಲಕ ಹೊರಗಿನ ಫಲಕದವರೆಗೆ ಹರಿಸಿ, ಅಲ್ಲಿಂದ ಕಿರಣರೂಪದಲ್ಲಿ ಆಕಾಶಕ್ಕೆ ಬಿಡಬೇಕು. ಎಂಜಿನಿಯರುಗಳು ಅಲ್ಲಿ ಮೊದಲು ಕೇಳುವ ಪ್ರಶ್ನೆ "ಯಾವ ಲೋಹ?" ಎಂದಲ್ಲ, "ಶಾಖ ಕಟ್ಟಕಡೆಗೆ ಎಲ್ಲಿಗೆ ಹೋಗಬೇಕು? ದಾರಿಯಲ್ಲಿ ಎಲ್ಲಿ ತಡೆಯಿದೆ?" ಎಂದು. ನಿಮ್ಮ ಕಾರ್ಡಿಗೂ ಇದೇ ಪ್ರಶ್ನೆ ಕೇಳಿ. ಚಿಪ್ಪು, ಅಂಟು, ಲೋಹ, ಕ್ಯಾಬಿನೆಟ್ಟಿನ ಗಾಳಿ, ಕೋಣೆಯ ಗಾಳಿ, ಕಿಟಕಿ. ಈ ಸರಪಳಿಯಲ್ಲಿ ಎಲ್ಲಿ ತಡೆ ಹೆಚ್ಚೋ ಅಲ್ಲಿ ಮೊದಲು ಕೈ ಹಾಕಬೇಕು.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. 2003ರ ಸುಮಾರಿಗೆ ನನ್ನ ಅಕ್ಕನ ಮಗ ತಿರುವನಂತಪುರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಕೊಂಡ. ಅವನ ಕೊನೆಯ ವರ್ಷದ ಪ್ರಾಜೆಕ್ಟ್ ಅದರ ಮೇಲೆಯೇ ನಿಂತಿತ್ತು. ಬೇಸಗೆಯಲ್ಲಿ ಮೆಮೊರಿ ಕೈಸುಡುವಷ್ಟು ಬಿಸಿಯಾಗುತ್ತಿತ್ತು. ಆಗ ಮೆಮೊರಿ ಚಿಪ್ಪಿಗೆ ಪುಟ್ಟ ಹೀಟ್‌ಸಿಂಕ್ ಅಂಟಿಸುವ ಗೀಳು ಕಂಪ್ಯೂಟರ್ ಹವ್ಯಾಸಿಗಳಲ್ಲೆಲ್ಲ ಹಬ್ಬಿತ್ತು. ನಾನೂ ದೊಡ್ಡಸ್ತಿಕೆಯಿಂದ "ಬಾರೋ, ನಾನು ಅಂಟಿಸಿಕೊಡ್ತೇನೆ" ಎಂದೆ.

ಟೇಪಿಗಿಂತ ಎಪಾಕ್ಸಿ ಅಂಟು ಶಾಖವನ್ನು ಚೆನ್ನಾಗಿ ದಾಟಿಸುತ್ತದೆ ಎಂದು ಓದಿದ್ದೆ. ಎರಡು ಟ್ಯೂಬುಗಳನ್ನು ಬೆರೆಸಿ ಎಂಟೂ ಚಿಪ್ಪುಗಳಿಗೆ ಹಚ್ಚಿ, ಹೀಟ್‌ಸಿಂಕ್ ಕೂರಿಸಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಗ್ಗೆ ನೋಡಿದರೆ ಒಂದು ಜಾರಿ ಓರೆಯಾಗಿ, ಪಕ್ಕದ ಪುಟ್ಟ ಕೆಪ್ಯಾಸಿಟರಿಗೆ ತಗುಲಿಕೊಂಡಿತ್ತು. ಹಾಗೆಯೇ ವಿದ್ಯುತ್ ಕೊಟ್ಟರೆ ಶಾರ್ಟ್ ಆದೀತು. ತೆಗೆಯಬೇಕು. ಇಕ್ಕಳ ಹಿಡಿದು ಎತ್ತಿದೆ. ಹೀಟ್‌ಸಿಂಕ್ ಬಂತು. ಅದರ ಜತೆಗೆ ಚಿಪ್ಪೂ ಬಂತು. ಕೆಳಗಿನ ಬೆಸುಗೆಯ ಗುಂಡುಗಳು ಹಲಗೆಯ ತಾಮ್ರದ ಚುಕ್ಕೆಗಳನ್ನು ಕಿತ್ತುಕೊಂಡೇ ಬಂದಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಅರ್ಥ ನನಗೆ ಆ ದಿನ ಆಯಿತು.

ಹುಡುಗ ನನ್ನನ್ನು ಬೈಯಲಿಲ್ಲ. "ಹೋಗಲಿ ಬಿಡಿ ಮಾವ" ಎಂದಷ್ಟೇ ಹೇಳಿದ. ಮುಂದಿನ ಎರಡು ತಿಂಗಳು ಕಾಲೇಜಿನ ಲ್ಯಾಬಿನಲ್ಲಿ ರಾತ್ರಿ ಬಾಗಿಲು ಹಾಕುವವರೆಗೆ ಕುಳಿತು ಪ್ರಾಜೆಕ್ಟ್ ಮುಗಿಸಿದ. ಬೈದಿದ್ದರೆ ನಾನಾದರೂ ಮರೆಯುತ್ತಿದ್ದೆನೇನೋ.

ಆ ಬಳಿಕ ಕುಳಿತು ಲೆಕ್ಕ ಹಾಕಿದೆ. ಕಾಲು ಮಿ.ಮೀ. ದಪ್ಪದ ಸಾಮಾನ್ಯ ಥರ್ಮಲ್ ಟೇಪಿನ ವಾಹಕತೆ ಸುಮಾರು 0.6 ಎಂದಿಟ್ಟುಕೊಂಡರೆ, ಒಂದು ಚಿಪ್ಪಿನ ಎರಡು ವ್ಯಾಟ್ ಅದನ್ನು ದಾಟುವಾಗ ಆಗುವ ವ್ಯತ್ಯಾಸ 5 ಡಿಗ್ರಿ. ತೆಳ್ಳಗೆ ಹಚ್ಚಿದ ಒಳ್ಳೆಯ ಎಪಾಕ್ಸಿಯಲ್ಲಿ ಅದು ಒಂದು ಡಿಗ್ರಿಯ ಆಸುಪಾಸು. ಎಂದರೆ ಅಂಟಿನಿಂದ ನನಗೆ ಸಿಗಬಹುದಾಗಿದ್ದ ಲಾಭ ಹೆಚ್ಚೆಂದರೆ 4 ಡಿಗ್ರಿ. ಕಿಟಕಿ ತೆರೆದು, ಕ್ಯಾಬಿನೆಟ್ಟಿಗೆ ಒಂದು ಫ್ಯಾನ್ ಹಾಕಿದ್ದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಆ ನಾಲ್ಕು ಡಿಗ್ರಿಯ ಆಸೆಗೆ ಹುಡುಗನ ಎರಡು ವರ್ಷದ ದುಡಿಮೆ ಹೋಯಿತು.

ಆದ್ದರಿಂದ ನನ್ನ ಮಾತು ಇಷ್ಟೇ: ಅಂಟಿಸುವ ಮೊದಲು, ಅದನ್ನು ತೆಗೆಯುವುದು ಹೇಗೆ ಎಂದು ಗೊತ್ತಿರಲಿ.

ನಿಮಗೆ ಇದು ಬೇಕೇ?

ಎಲ್ಲ ಕಾರ್ಡಿಗೂ ಹೀಟ್‌ಸಿಂಕ್ ಅಂಟಿಸಬೇಕಾಗಿಲ್ಲ. ಈಗಿನ ಹೆಚ್ಚಿನ ಕಾರ್ಡುಗಳಲ್ಲಿ ದೊಡ್ಡ ಕೂಲರಿನ ತಳವೇ ಮೆಮೊರಿ ಚಿಪ್ಪುಗಳನ್ನೂ ಮುಟ್ಟುವಂತೆ ಮಾಡಿ, ನಡುವೆ ಮೆತ್ತನೆಯ ಥರ್ಮಲ್ ಪ್ಯಾಡ್ ಇಟ್ಟಿರುತ್ತಾರೆ. ಅಲ್ಲಿ ಬೇರೆ ಹೀಟ್‌ಸಿಂಕಿಗೆ ಜಾಗವೇ ಇಲ್ಲ. ಪ್ಯಾಡ್ ಒಣಗಿ ಗಟ್ಟಿಯಾಗಿದ್ದರೆ ಹೊಸತನ್ನು ಹಾಕಬೇಕು, ಅಷ್ಟೇ. ಆಗ ಹಳೆಯದರ ದಪ್ಪಕ್ಕೆ ಸರಿಯಾದದ್ದನ್ನೇ ತನ್ನಿ. ಅರ್ಧ ಮಿ.ಮೀ. ದಪ್ಪ ಹೆಚ್ಚಾದರೂ ಕೂಲರ್ ಎತ್ತರಕ್ಕೆ ನಿಂತು, ನಡುವಿನ ದೊಡ್ಡ ಚಿಪ್ಪಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಗುಮಾಸ್ತರಿಗೆ ಬೀಸಣಿಗೆ ಹಿಡಿಯಲು ಹೋಗಿ ಯಜಮಾನರನ್ನು ಬೆಂಕಿಗೆ ನೂಕಿದಂತಾಗುತ್ತದೆ.

2020ರಲ್ಲಿ ಬಂದ ಆರ್‌ಟಿಎಕ್ಸ್ 3090 ಕಾರ್ಡು ಬೇರೆ ಕಥೆ. ಅದರಲ್ಲಿ 24 ಮೆಮೊರಿ ಚಿಪ್ಪುಗಳು, 12 ಮುಂದೆ, 12 ಹಿಂದೆ. ಹಿಂದಿನ ಹನ್ನೆರಡಕ್ಕೆ ಬೆನ್ನಿನ ಲೋಹದ ಫಲಕವೇ ಗತಿ. ಅಂಥ ಕಾರ್ಡಿನವರು ಆ ಫಲಕದ ಹೊರಮೈಗೆ ಹೀಟ್‌ಸಿಂಕ್ ಇಟ್ಟು ಮೇಲೊಂದು ಫ್ಯಾನ್ ತಿರುಗಿಸಿದ್ದು ಸುಮ್ಮನೆ ಅಲ್ಲ. ಈ ಬಗೆಯ ಮೆಮೊರಿ 110 ಡಿಗ್ರಿಯ ಬಳಿ ಬಂದರೆ ಕಾರ್ಡು ತಾನಾಗಿಯೇ ವೇಗ ತಗ್ಗಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರಿಗೂ ಒಂದು ಮಾತು. 2022ರ ಸೆಪ್ಟೆಂಬರ್ 15ರವರೆಗೆ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಗ್ರಾಫಿಕ್ಸ್ ಕಾರ್ಡುಗಳನ್ನು ಹಗಲೂ ರಾತ್ರಿ ದುಡಿಸುತ್ತಿದ್ದರು. ಆ ಕೆಲಸದ ಭಾರ ಬೀಳುತ್ತಿದ್ದುದು ಮುಖ್ಯವಾಗಿ ಮೆಮೊರಿಯ ಮೇಲೆ. ಅದು ನಿಂತ ಮೇಲೆ ಅಂಥ ಕಾರ್ಡುಗಳು ಪೇಟೆಗೆ ಬಂದವು. ಎರ್ನಾಕುಳಂನ ಪೆಂಟಾ ಮೇನಕದಲ್ಲೋ ಪಳ್ಳಿಮುಕ್ಕಿನಲ್ಲೋ ಬಿಡಿಭಾಗ ಹುಡುಕಿ ಅಲೆಯುವ ನೀವು, ಹಳೆಯ ಕಾರ್ಡಾದರೆ ಅಂಗಡಿಯಲ್ಲಿಯೇ ಓಡಿಸಿ ನೋಡಿ ಕೊಳ್ಳಿ. ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳು, ಚದುರಂಗದ ಮಣೆಯಂಥ ಚೌಕಗಳು ಕಂಡರೆ ಮೆಮೊರಿಗೆ ಏಟಾಗಿರಬಹುದು. ಅದನ್ನು ಯಾವ ಹೀಟ್‌ಸಿಂಕೂ ಗುಣಪಡಿಸದು.

ಹಾಗಾದರೆ ಬೇಕಾಗುವುದು ಯಾರಿಗೆ? ನಮ್ಮ ಪಂಕ್ತಿಯ ಹುಡುಗಿಯಂಥವರಿಗೆ. ಅವಳದು ಹಳೆಯ ಕಾರ್ಡ್. ಮೂಲದ ಕೂಲರಿನ ಫ್ಯಾನ್ ಕೆಟ್ಟಾಗ ರಿಪೇರಿಯವರು ಬೇರೊಂದನ್ನು ಹಾಕಿಕೊಟ್ಟರು. ಅದು ನಡುವಿನ ಚಿಪ್ಪನ್ನು ಮಾತ್ರ ಮುಚ್ಚುತ್ತದೆ. ಎಂಟು ಮೆಮೊರಿ ಚಿಪ್ಪುಗಳು ಬರಿಮೈಯಲ್ಲಿ ಉಳಿದವು. ಇಲ್ಲಿ ಪುಟ್ಟ ಹೀಟ್‌ಸಿಂಕಿಗೆ ನಿಜವಾದ ಕೆಲಸವಿದೆ.

ಅಳೆದು ನೋಡದೆ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಕಾರ್ಡುಗಳಲ್ಲಿ ಕೆಲವು ಮೆಮೊರಿಯ ಬಿಸಿಯನ್ನು ತಾವೇ ತಿಳಿಸುತ್ತವೆ. ಜಿಪಿಯು-ಝಡ್‌ನಂಥ ಉಚಿತ ತಂತ್ರಾಂಶದಲ್ಲಿ ಅದನ್ನು ಕಾಣಬಹುದು. ಹಳೆಯವು ತಿಳಿಸುವುದಿಲ್ಲ. ಅವಕ್ಕೆ ತಂತಿಯ ಥರ್ಮೋಕಪಲ್ ಇರುವ ಮಲ್ಟಿಮೀಟರ್ ಬೇಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಅದರ ಅಳತೆ ಜ್ವರದವರೆಗೆ ಮಾತ್ರ. ಹೊಳೆಯುವ ಲೋಹದ ಮೇಲೆ ಅಂಥ ಯಾವ ಕಿರಣಮಾಪಕವೂ ಸುಳ್ಳು ಹೇಳುತ್ತದೆ.

ಅಂಟಿಸುವ ಕ್ರಮ

ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕಾರ್ಡು ಆರುವವರೆಗೆ ಕಾಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ನಮ್ಮ ತೇವದ ಹವೆಯಲ್ಲಿ ಅದು ಕಡಿಮೆ, ಎ.ಸಿ. ಕೋಣೆಯಲ್ಲಿ ಹೆಚ್ಚು. ತಣ್ಣನೆಯ ಎ.ಸಿ. ಕೋಣೆಯಿಂದ ಕಾರ್ಡನ್ನು ನೇರ ಹೊರಗೆ ತಂದು ಅಂಟಿಸಬೇಡಿ. ಕನ್ನಡಕದ ಮೇಲೆ ಹಬೆ ಕೂರುವಂತೆ ಚಿಪ್ಪಿನ ಮೇಲೂ ತೇವ ಕೂರುತ್ತದೆ, ಟೇಪು ಹಿಡಿಯುವುದಿಲ್ಲ. ಅರ್ಧ ಗಂಟೆ ಹಾಗೆಯೇ ಬಿಡಿ.

ಮೊದಲು ಏನೂ ಅಂಟಿಸದೆ ಹೀಟ್‌ಸಿಂಕುಗಳನ್ನು ಚಿಪ್ಪುಗಳ ಮೇಲೆ ಇಟ್ಟು ನೋಡಿ. ಕೂಲರಿನ ಫ್ಯಾನಿಗೆ ತಾಗುತ್ತದೆಯೇ? ಪಕ್ಕದ ಬಿಡಿಭಾಗಗಳ ಮೇಲೆ ಚಾಚಿಕೊಳ್ಳುತ್ತದೆಯೇ? ಚಾಚಿದರೆ ಚಿಕ್ಕದನ್ನು ತನ್ನಿ. ರೆಕ್ಕೆಗಳ ನಡುವಿನ ಓಣಿ ಗಾಳಿ ಹರಿಯುವ ದಿಕ್ಕಿಗೇ ಇರಲಿ. ಅಡ್ಡವಿದ್ದರೆ ಗಾಳಿಗೆ ಗೋಡೆ ಕಟ್ಟಿದಂತೆ. ತಾಮ್ರ ಅಲ್ಯೂಮಿನಿಯಮ್ಮಿಗಿಂತ ಎರಡು ಪಟ್ಟಿನಷ್ಟು ಚೆನ್ನಾಗಿ ಶಾಖ ದಾಟಿಸುತ್ತದೆ, ನಿಜ. ಆದರೆ ಅದರ ಭಾರ ಮೂರು ಪಟ್ಟಿಗಿಂತ ಹೆಚ್ಚು. ಇಷ್ಟು ಪುಟ್ಟ ತುಂಡಿನಲ್ಲಿ ತಡೆ ಇರುವುದು ಲೋಹದಲ್ಲಲ್ಲ, ಟೇಪಿನಲ್ಲಿ ಮತ್ತು ಗಾಳಿಯಲ್ಲಿ. ಆದ್ದರಿಂದ ಅಲ್ಯೂಮಿನಿಯಮ್ಮೇ ಸಾಕು, ಅದೇ ಒಳ್ಳೆಯದು.

ಭಾರದ ಮಾತು ಏಕೆ ಬಂತೆಂದರೆ, ಟವರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡು ಸಾಮಾನ್ಯವಾಗಿ ಬೋರಲಾಗಿ ಮಲಗಿರುತ್ತದೆ. ಚಿಪ್ಪುಗಳ ಮುಖ ನೆಲದ ಕಡೆಗೆ. ನೀವು ಮೇಜಿನ ಮೇಲೆ ಕೂರಿಸಿದ ಹೀಟ್‌ಸಿಂಕ್ ಒಳಗೆ ಹೋದ ಮೇಲೆ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತದೆ. ಅಂಟು ಬಿಸಿಗೆ ಮೆತ್ತಗಾಗುತ್ತದೆ. ಒಂದು ಬಿದ್ದರೆ ಕೆಳಗಿನ ಫ್ಯಾನಿಗೆ ಸಿಕ್ಕಬಹುದು, ಇಲ್ಲವೇ ಇನ್ನೊಂದು ಹಲಗೆಯ ಮೇಲೆ ಬಿದ್ದು ಶಾರ್ಟ್ ಮಾಡಬಹುದು. ಹೀಗಾಗಿ ಸ್ವಚ್ಛತೆಯಲ್ಲಿ ಜಿಪುಣತನ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಚಿಪ್ಪಿನ ಮೈಯನ್ನೂ ಹೀಟ್‌ಸಿಂಕಿನ ತಳವನ್ನೂ ಒರೆಸಿ, ಪೂರ್ತಿ ಒಣಗಲು ಬಿಡಿ. ಹಳೆಯ ಪ್ಯಾಡ್ ಇದ್ದ ಕಡೆ ಎಣ್ಣೆಯ ಪಸೆ ಉಳಿದಿರುತ್ತದೆ, ಎರಡು ಮೂರು ಸಲ ಒರೆಸಬೇಕು. ಒರೆಸಿದ ಮೇಲೆ ಬೆರಳು ತಾಗಿಸಬೇಡಿ.

ಟೇಪು ಥರ್ಮಲ್ ಟೇಪೇ ಆಗಿರಲಿ. ಗೋಡೆಗೆ ಕ್ಯಾಲೆಂಡರ್ ಅಂಟಿಸುವ ದಪ್ಪ ಫೋಮ್ ಟೇಪು ಬೇಡವೇ ಬೇಡ. ಅದರೊಳಗೆ ಇರುವುದು ಗಾಳಿಯ ಗುಳ್ಳೆ. ಅದನ್ನು ಹಾಕಿದರೆ ಚಿಪ್ಪಿಗೆ ಕಂಬಳಿ ಹೊದಿಸಿದಂತೆ, ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಟೇಪನ್ನು ಚಿಪ್ಪಿನ ಅಳತೆಗೆ ಕತ್ತರಿಸಿ, ಮೊದಲು ಹೀಟ್‌ಸಿಂಕಿನ ತಳಕ್ಕೆ ಅಂಟಿಸಿ, ಗುಳ್ಳೆ ಉಳಿಯದಂತೆ ತೀಡಿ. ಬಳಿಕ ಚಿಪ್ಪಿನ ಮೇಲೆ ನೇರವಾಗಿ ಇಟ್ಟು ಅರ್ಧ ನಿಮಿಷ ಸಮನಾಗಿ ಒತ್ತಿ. ಕುಟ್ಟಬೇಡಿ, ಜಾರಿಸಬೇಡಿ. ಸಾಧ್ಯವಿದ್ದರೆ ಒಂದು ದಿನ ಹಾಗೆಯೇ ಬಿಡಿ, ಟೇಪಿನ ಹಿಡಿತ ಸಮಯ ಹೋದಂತೆ ಹೆಚ್ಚುತ್ತದೆ. ಆಮೇಲೆ ಕಾರ್ಡನ್ನು ಹಾಸಿಗೆಯ ಮೇಲೆ ಬೋರಲಾಗಿ ಹಿಡಿದು ಒಮ್ಮೆ ಮೆಲ್ಲಗೆ ಅಲುಗಿಸಿ. ಬೀಳುವುದಿದ್ದರೆ ಅಲ್ಲಿಯೇ ಬೀಳಲಿ.

ತೆಗೆಯಬೇಕಾದಾಗ ಮೇಲಕ್ಕೆ ಎಳೆಯಬೇಡಿ. ಕೂದಲು ಒಣಗಿಸುವ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಮರದ ತಿರುಗಣೆ ತಿರುಗಿಸುವಂತೆ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಚಿ. ಬರದಿದ್ದರೆ ಮೀನಿನ ಗಾಳದ ತೆಳುವಾದ ನೂಲನ್ನು ನಡುವೆ ತೂರಿಸಿ ಗರಗಸದಂತೆ ಎಳೆದರೆ ಟೇಪು ಕೊಯ್ದುಕೊಳ್ಳುತ್ತದೆ. ಕಡಲ ದಂಡೆಯ ಊರಿನವರಿಗೆ ಆ ನೂಲಿಗೇನು ಬರ?

ಕೊನೆಯದಾಗಿ, ಗ್ಯಾರಂಟಿ ಇನ್ನೂ ಉಳಿದಿರುವ ಕಾರ್ಡಿಗೆ ಇದನ್ನೆಲ್ಲ ಮಾಡಬೇಡಿ. ಮತ್ತು ಎರಡು ಮೂರು ತಿಂಗಳಿಗೊಮ್ಮೆ ಮೃದುವಾದ ಬ್ರಷ್ಷಿನಿಂದ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ. ಎರಡು ಮಿ.ಮೀ. ಓಣಿ ಕಟ್ಟಿಕೊಳ್ಳಲು ಹೆಚ್ಚು ದಿನ ಬೇಡ.

ಮುಗಿಸುವ ಮುನ್ನ

ಜೂನ್ ತಿಂಗಳಲ್ಲಿ, ಹೊರಗೆ ಜಡಿಮಳೆ ಸುರಿಯುತ್ತಿದ್ದಾಗ, ಆ ಹುಡುಗಿ ಫೋನು ಮಾಡಿದಳು. ಮೊದಲು ಕ್ಯಾಬಿನೆಟ್ಟಿಗೆ ಒಂದು ಫ್ಯಾನ್ ಹಾಕಿದಳಂತೆ. ಅರ್ಧ ತೊಂದರೆ ಅದರಿಂದಲೇ ಹೋಯಿತು. ಬಳಿಕ ಟೇಪು ತಂದು ಹೀಟ್‌ಸಿಂಕ್ ಕೂರಿಸಿದಳಂತೆ.

"ಎಂಟೂ ನಿಂತಿವೆ ಅಂಕಲ್. ಒಂದನ್ನು ತಿರುಚಿ ತೆಗೆದೂ ನೋಡಿದೆ. ಬಂತು. ಪುನಃ ಹೊಸ ಟೇಪು ಹಾಕಿ ಇಟ್ಟೆ."

ಆ "ತೆಗೆದೂ ನೋಡಿದೆ" ಎಂಬ ಮಾತು ಕೇಳಿ ನನಗಾದ ಸಂತೋಷವನ್ನು ಹೇಳಲಾರೆ. ಆ ಸಂಜೆಯೇ ಅಕ್ಕನ ಮಗನಿಗೆ ಫೋನು ಮಾಡಿ ಈ ಕಥೆ ಹೇಳಿದೆ. ಅವನು ಈಗ ದೊಡ್ಡ ಕೆಲಸದಲ್ಲಿದ್ದಾನೆ, ಅವನ ಮಗನೇ ಕಂಪ್ಯೂಟರ್ ಬಿಚ್ಚುವ ವಯಸ್ಸಿಗೆ ಬಂದಿದ್ದಾನೆ. ಎಲ್ಲ ಕೇಳಿ ನಕ್ಕು, "ಮಾವ, ನಮ್ಮ ಮನೆಗೆ ಬಂದಾಗ ಇಕ್ಕಳ ಮಾತ್ರ ತರಬೇಡಿ" ಎಂದ.

ನೀವೂ ಮಾಡಿ ನೋಡಿ, ಗೆಳೆಯರೇ. ಅಳೆಯಿರಿ, ಗಾಳಿಗೆ ದಾರಿ ಮಾಡಿ, ಆಮೇಲೆ ಅಂಟಿಸಿ. ಸಂಶಯ ಬಂದರೆ ಮುಂದಿನ ಸಲ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತುಕೊಳ್ಳಿ. ಪಾಯಸ ಬರುವ ಮೊದಲೇ ಕೇಳಿಬಿಡಿ.